ಕುಲುಕದ ಟೈರು

ನನ್ನ ಸೋದರಮಾವ ಮನುಷ್ಯರನ್ನು ಮುಖದಿಂದ ಗುರುತಿಸುವುದಿಲ್ಲ, ತೂಕದಿಂದ ಗುರುತಿಸುತ್ತಾರೆ. ಸುಳ್ಳೆನಿಸಿದರೆ ಜಮಖಂಡಿಗೆ ಬಂದು ಅವರ ಮುಂದೆ ನಿಂತು ನೋಡಿ. "ಬರ್ರಿ, ಕುಂದರ್ರಿ" ಎನ್ನುವ ಮೊದಲೇ "ಎಪ್ಪತ್ತೆರಡು ಕಿಲೋ, ಚಪ್ಪಲಿ ಬಿಟ್ಟು" ಎಂದಿರುತ್ತಾರೆ. ಏನು ಮಾಡುವುದು? ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬಿನ ಗಾಡಿ ತೂಗುವ ಕಾಟಾದ ಮುಂದೆಯೇ ಇಡೀ ನೌಕರಿ ಮುಗಿಸಿದವರು. ನನ್ನ ಮದುವೆಯಲ್ಲಿ ಬೀಗರೆದುರೇ ಹೊಸ ಸೊಸೆಯ ತೂಕ ಹೇಳಿ, "ಬಂಗಾರ ಹಿಡದು" ಎಂದು ಸೇರಿಸಿದ್ದರು. ನನ್ನ ಹೆಂಡತಿ ಇವತ್ತಿಗೂ ಅವರ ಮುಂದೆ ಕುರ್ಚಿ ಬಿಟ್ಟು ಏಳುವುದಿಲ್ಲ.

ಇಂಥ ಮಾವನಿಗೆ ಕಳೆದ ವರ್ಷ ಮಲಗಿಕೊಂಡು ಹೋಗುವ ಗಾಡಿ ಕಟ್ಟಿಸುವ ಹುಚ್ಚು ಹತ್ತಿತು. ಕಾರಣ ಅತ್ತೆ. ಅವರ ಬೆನ್ನಿನ ಆಪರೇಷನ್ ಆದಮೇಲೆ ಡಾಕ್ಟರು, ಕೂತು ಪ್ರಯಾಣ ಬೇಡ, ಮಲಗಿ ಹೋಗಬಹುದು, ಆದರೆ ಮೈ ಕುಲುಕಬಾರದು ಎಂದಿದ್ದರು. ಅತ್ತ ಸಾಂಗಲಿಯಲ್ಲಿ ಅತ್ತೆಯ ಅಕ್ಕ ಹಾಸಿಗೆ ಹಿಡಿದಿದ್ದರು. ಮೂರು ವರ್ಷದಿಂದ ಅಕ್ಕತಂಗಿಯರು ಫೋನಿನಲ್ಲೇ ಜಗಳಾಡಿ, ಫೋನಿನಲ್ಲೇ ರಾಜಿಯಾಗುತ್ತಿದ್ದರು. ಒಮ್ಮೆ ಅಕ್ಕನ ಮುಖ ನೋಡಬೇಕೆಂಬುದೊಂದೇ ಅತ್ತೆಯ ಹಟ. ಆಂಬುಲೆನ್ಸ್ ಮಾಡೋಣವೆಂದರೆ, "ಆಂಬುಲೆನ್ಸ ಬಾಗಲಾಗ ಬಂದು ನಿಂತ್ರ ಅಂಜಿ ಅಕ್ಕ ನನಗಿಂತ ಮೊದಲ ಹೋಗಿಬಿಡತಾಳ" ಎಂದು ನಮ್ಮ ಬಾಯಿ ಮುಚ್ಚಿಸಿದರು.

ಮಾವ ಹಳೆಯದೊಂದು ಗೂಡ್ಸ್ ಟೆಂಪೊ ಕೊಂಡು, ರಬಕವಿಯಲ್ಲಿ ಅದರ ಮೇಲೆ ತಗಡಿನ ಕೋಣೆ ಕಟ್ಟಿಸಿದರು. ಒಳಗೆ ಮಂಚ, ಒಲೆ, ನೀರಿನ ಟಾಕಿ, ಡ್ರೈವರನತ್ತ ಒಂದು ಸಣ್ಣ ಕಿಟಕಿ. ಡ್ರೈವರು ನಾನೇ. ಮೊದಲ ದಿನ ಓಡಿಸಿದಾಗ ಪ್ರತಿ ತಗ್ಗಿಗೂ ಮಂಚ ಗೇಣುದ್ದ ಹಾರಿತು. ಮಾವ ಎದೆಗುಂದಲಿಲ್ಲ.

"ಅಳಿಯಾ, ಕಬ್ಬಿನ ಟ್ರೇಲರ್ ಖಾಲಿ ಬರೋದು ನೋಡೀಯಿಲ್ಲೋ? ಕರಾ ಕುಣದಂಗ ಕುಣೀತೈತಿ. ಅದ ತುಂಬಿದ್ದು? ಗಬ್ಬಾದ ಎಮ್ಮಿ ನಡದಂಗ ಬರತೈತಿ. ಗಾಡಿಗಿ ವಜ್ಜಿ ಬೇಕಲೇ."

ವಜ್ಜಿ ಎಂದರೆ ಭಾರ. ಹೇರುವುದು ಶುರುವಾಯಿತು. ಬೀಸುವ ಕಲ್ಲು ಬಂತು, ಒರಳು ಬಂತು, ನಾಲ್ಕು ಚೀಲ ಜೋಳ ಬಂತು. ಒಂದು ದಿನ ನೋಡಿದರೆ ಪೈಲ್ವಾನರು ಎತ್ತುವ ಗುಂಡುಕಲ್ಲೂ ಮಂಚದ ಕೆಳಗೆ ಬೆಚ್ಚಗೆ ಕೂತಿತ್ತು. ಅದನ್ನು ಎತ್ತಿ ತಂದವರು ಯಾರೋ, ನಾನಂತೂ ಕೇಳಲಿಲ್ಲ. ಟೈರುಗಳು ಮಾತ್ರ ಊಟ ಹೆಚ್ಚಾದವರ ಹೊಟ್ಟೆಯಂತೆ ಬದಿಗೆ ಉಬ್ಬಿದ್ದವು.

ಮುಧೋಳದ ಟೈರ್ ಅಂಗಡಿಯವನು ಗಾಡಿಗೆ ಒಂದು ಸುತ್ತು ಹಾಕಿದ.

"ಇದು ಮನಿಯೋ, ಗ್ವಾದಾಮೋ, ಯಜಮಾನ್ರ?"

"ಮನಿ."

"ಹಂಗಾರ ದಪ್ಪನ್ನ ಟೈರ ಹಾಕಸ್ರಿ, ಗಟ್ಟಿ ರಿಮ್ಮ ಹಾಕಸ್ರಿ, ಪೂರಾ ಹವಾ ತುಂಬಸ್ರಿ. ಊರ ಎತ್ತಿ ಇಟ್ರೂ ತಡೀತೈತಿ."

ಹಾಕಿಸಿದೆವು. ಗಟ್ಟಿ ಟೈರಿಗೆ ಪೂರ್ತಿ ಗಾಳಿ ತುಂಬಿದರೆ ಅದು ಟೈರಾಗಿ ಉಳಿಯುತ್ತದೆಯೇ? ಬಂಡೆಯಾಗುತ್ತದೆ! ಗಾಡಿ ಮೊದಲಿನಂತೆಯೇ ಹಾರಿತು, ಈ ಸಲ ಬೀಸುವ ಕಲ್ಲನ್ನೂ ಜೊತೆಗೆ ಕರೆದುಕೊಂಡು. ಗಾಳಿ ಇಳಿಸಿದರೆ ಟೈರು ಕಾದು ಸುಟ್ಟ ವಾಸನೆ ಬಂತು. ಮೆತ್ತನೆಯ ರೇಡಿಯಲ್ ಟೈರು ಹಾಕಿಸಿದರೆ ಬನಹಟ್ಟಿಯ ದಾರಿಯಲ್ಲಿ ಒಂದು ಢಬ್ ಎಂದು ಸಿಡಿಯಿತು. ಕುಲುಕಬಾರದೆಂದು ಭಾರ, ಭಾರ ಹೊರಲು ಗಟ್ಟಿ ಟೈರು, ಗಟ್ಟಿ ಟೈರು ಕುಲುಕುತ್ತದೆಂದು ಇನ್ನಷ್ಟು ಭಾರ! ಆರು ತಿಂಗಳು ನಾವು ಹೀಗೇ ಸುತ್ತಿದೆವು.

ಟೈರಿನ ಪರೀಕ್ಷೆ ಬೇರೆ. ಮಾವ ಮಂಚದ ಮೇಲೆ ಅಂಗಾತ ಮಲಗಿ, ಎದೆಯ ಮೇಲೆ ತುಂಬಿದ ನೀರಿನ ಗ್ಲಾಸು ಇಟ್ಟುಕೊಳ್ಳುವರು. ನಾನು ಮುಧೋಳದವರೆಗೆ ಓಡಿಸಬೇಕು. ಮುಟ್ಟುವಷ್ಟರಲ್ಲಿ ಅವರಿಗೆ ಸ್ನಾನವಾಗಿರುತ್ತಿತ್ತು. ಒಮ್ಮೆ ಬಸ್ ನಿಲ್ದಾಣದ ಹತ್ತಿರ ಗಾಡಿ ನಿಲ್ಲಿಸಿದಾಗ ಹಿರಿಯರೊಬ್ಬರು ಹಿಂಬಾಗಿಲಲ್ಲಿ ಇಣುಕಿ, ಕಣ್ಣು ಮುಚ್ಚಿ ಮಲಗಿದ್ದ ಮಾವನಿಗೆ ಕೈಮುಗಿದು, ನನ್ನನ್ನು ಮೆಲ್ಲಗೆ ಕೇಳಿದರು, "ಪಾಪ, ಯಾವಾಗ ಆತ್ರಿ?"

ಮಾವ ಅರ್ಧ ಕಣ್ಣು ತೆರೆದು ಅವರನ್ನು ಮೇಲಿಂದ ಕೆಳಗೆ ನೋಡಿದರು. "ಅರವತ್ತೆಂಟು ಕಿಲೋ" ಎಂದರು. ಹಿರಿಯರು ತಮ್ಮ ಕೊಡೆಯನ್ನು ಅಲ್ಲಿಯೇ ಬಿಟ್ಟು ಓಡಿದರು.

ಕೊನೆಗೆ ಅತ್ತೆಯೇ ಕೋಲೂರಿಕೊಂಡು ಅಂಗಳಕ್ಕೆ ಬಂದು ಗಾಡಿಯೊಳಗೆ ನೋಡಿದರು. ಮಂಚದ ಮೇಲೂ ಜೋಳದ ಚೀಲಗಳಿದ್ದವು.

"ಅಲ್ರಿ, ಇದ್ರಾಗ ನಾ ಎಲ್ಲಿ ಮಲಗ್ಲಿ?"

ಮಾವ ಗಾಡಿ ನೋಡಿದರು, ನನ್ನನ್ನು ನೋಡಿದರು. ಈ ಲೆಕ್ಕ ಅವರಿಗೆ ಹೊಳೆದೇ ಇರಲಿಲ್ಲ.

"ಅಕ್ಕನ ಮನ್ಯಾಗ ಬೀಸು ಕಲ್ಲ ಐತಿ. ಇವನ್ನೆಲ್ಲಾ ಇಳಸ್ರಿ. ನನ್ನಷ್ಟ ಒಯ್ದ್ರ ಸಾಕು."

ಎಲ್ಲ ಇಳಿಯಿತು. ಹಗುರಾದ ಗಾಡಿಗೆ ಮೆತ್ತನೆಯ ರೇಡಿಯಲ್ ಟೈರು, ಹಿಂದೆ ಜೋಡಿ ಗಾಲಿ, ಹದವಾಗಿ ಗಾಳಿ. ಪರೀಕ್ಷೆಯಲ್ಲಿ ಅರ್ಧ ಗ್ಲಾಸು ನೀರು ಮಾತ್ರ ಚೆಲ್ಲಿತು. ಗೆದ್ದೆವು ಎಂದೆ ನಾನು. ಮಾವ ಒದ್ದೆ ಅಂಗಿ ಹಿಂಡುತ್ತ, "ಅಕಿ ಬೆನ್ನಿಗಿ ಅರ್ಧಾ ಗ್ಲಾಸೂ ಭಾಳ ಆತಲೇ" ಎಂದರು.

ಮರುದಿನ ಬೆಳಿಗ್ಗೆ ಹೊರಟೆವು. ಅಥಣಿ ದಾಟಿದ ಮೇಲೆ ರಸ್ತೆ ಕೆಟ್ಟಿತು. ತಗ್ಗು ಬಂದಾಗಲೆಲ್ಲ ಹಿಂದಿನಿಂದ ಬೈಗುಳ ಬರುತ್ತದೆಂದು ಕಾದೆ. ಒಂದೂ ಬರಲಿಲ್ಲ. ಹೆದರಿ ಗಾಡಿ ನಿಧಾನ ಮಾಡಿ ಕಿಟಕಿಯಲ್ಲಿ ನೋಡಿದೆ. ಮಾವ ಮಂಚದ ಪಕ್ಕ ಮೊಣಕಾಲೂರಿ ಕುಳಿತು, ಎರಡೂ ಅಂಗೈಗಳನ್ನು ಅತ್ತೆಯ ಸೊಂಟದ ಕೆಳಗೆ ಹಾಸಿದ್ದರು. ಗಾಡಿ ಎದ್ದು ಬಿದ್ದಾಗಲೆಲ್ಲ ಅವರ ಬೆರಳ ಗೆಣ್ಣು ಮಂಚದ ಹಲಗೆಗೆ ಬಡಿಯುತ್ತಿತ್ತು. ಅವರು ಅತ್ತೆಯ ಮುಖವನ್ನಷ್ಟೇ ನೋಡುತ್ತಿದ್ದರು. ಅತ್ತೆ ಕಣ್ಣು ಮುಚ್ಚಿದ್ದರು. ವರ್ಷವಿಡೀ ಈ ಮನುಷ್ಯನ ಕಥೆ ಹೇಳಿ ಊರನ್ನು ನಗಿಸಿದ್ದೆ. ನನಗೆ ನಾಚಿಕೆಯಾಯಿತು. ಸಾಂಗಲಿಯವರೆಗೂ ಎತ್ತಿನ ಗಾಡಿಯ ವೇಗದಲ್ಲಿ ಓಡಿಸಿದೆ.

ಅಕ್ಕತಂಗಿಯರು ಕೆನ್ನೆಗೆ ಕೆನ್ನೆ ಹಚ್ಚಿ ಅತ್ತರು. ಆಮೇಲೆ ಚಹಾ ಬಂತು. ಮಾವನ ಬೆರಳು ಬಾತು ಕಪ್ಪಿನ ಹಿಡಿಗೆ ಬಾಗಲೊಲ್ಲದು. ಅತ್ತೆ ಅದನ್ನೇ ನೋಡುತ್ತಿದ್ದರು.

"ದಾರಿ ಹೆಂಗಿತ್ತಬೇ?" ಅಕ್ಕ ಕೇಳಿದರು.

"ದಾರಿ ಸುಡಗಾಡ ಇತ್ತು" ಎಂದರು ಅತ್ತೆ, ಆ ಬೆರಳುಗಳಿಂದ ಕಣ್ಣು ತೆಗೆಯದೆ. "ನಮ್ಮವರು ಆರಿಸಿದ ಟೈರ ಭಾಳ ಛಲೋ ಅದಾವಕ್ಕಾ."