ಹೆಜ್ಜೆ ಗಟ್ಟಿ, ಭಾವ ಪೊಳ್ಳು

ಆಡಿದ ಮಾತನ್ನು ದೇವರು ಮರೆತಾನು, ಅಚ್ಚಾದ ಮಾತನ್ನು ನೆರೆಯವರು ಮರೆಯುವುದಿಲ್ಲ. ನೃತ್ಯ ಕಲಿಸುತ್ತ, ಪತ್ರಿಕೆಗೆ ನೃತ್ಯವಿಮರ್ಶೆ ಬರೆಯುತ್ತ ತಲೆ ನೆರೆಸಿಕೊಂಡಿದ್ದ ಮೇಷ್ಟರಿಗೆ ಇದು ಒಂದು ಭಾನುವಾರ ಬೆಳಗ್ಗೆ ತಿಳಿಯಿತು. ಹೊಸ ನರ್ತಕಿಯೊಬ್ಬಳ ಬಗ್ಗೆ ಅವರು ಬರೆದದ್ದು ಇಷ್ಟೇ: ‘ಹೆಜ್ಜೆ ಗಟ್ಟಿ, ಭಾವ ಪೊಳ್ಳು.’

ಕೆಳಗಿನ ಅಂಗಡಿಯ ದರ್ಜಿ ಪತ್ರಿಕೆ ಹಿಡಿದು ಮೆಟ್ಟಿಲು ಹತ್ತಿ ಬಂದ.

“ಮೇಷ್ಟ್ರೇ, ಆ ಹುಡುಗಿ ಭಾವ ಯಾರು ಗೊತ್ತಾ?”

“ಯಾರಾದ್ರೆ ನನಗೇನಯ್ಯ?”

“ಈ ಕಟ್ಟಡದ ಯಜಮಾನ್ರು. ಅವರ ಹೆಂಡತಿಯ ತಂಗಿ ಅವಳು. ಪೊಳ್ಳು ಅಂತ ಊರಿಗೆಲ್ಲ ಸಾರಿಬಿಟ್ರಲ್ಲ.”

ಮೇಷ್ಟರ ಎದೆ ತಾಳ ತಪ್ಪಿತು. ಮಹಡಿಯ ಈ ಕೋಣೆ ಹೋದರೆ ತರಗತಿಯೂ ಹೋದಂತೆ.

“ಅವರು ಇನ್ನೂ ಓದಿರ್ಲಿಕ್ಕಿಲ್ಲ, ಅಲ್ವೇನಯ್ಯ?”

“ನಾನೇ ಓದಿ ಹೇಳಿದೆ. ಬೇರೆಯವರ ಬಾಯಿಂದ ಕೇಳಿದ್ರೆ ಬೇಜಾರಾಗುತ್ತಲ್ಲ.”

ಅಷ್ಟರಲ್ಲಿ ಯಜಮಾನರು ಬಂದೇಬಿಟ್ಟರು. ಕ್ಷೌರದ ಕುರ್ಚಿಯಿಂದ ಎದ್ದು ಬಂದಿದ್ದರಿಂದ ಅರ್ಧ ಮುಖ ನುಣ್ಣಗೆ, ಅರ್ಧ ಮುಖ ನೊರೆ. ಹಿಂದೆ ತಲೆ ತಗ್ಗಿಸಿಕೊಂಡು ನಾದಿನಿ.

“ಪೊಳ್ಳು ಭಾವ ಬಂದಿದೀನಿ, ಮೇಷ್ಟ್ರೇ.”

“ನೀವಲ್ಲ ಸ್ವಾಮಿ. ಭಾವ ಅಂದ್ರೆ ಮುಖದಲ್ಲಿ ಮೂಡೋದು.”

“ನನ್ನ ಮುಖಕ್ಕೇನಾಗಿದೆ?”

ಬಾಯಲ್ಲಿ ಹೇಳಿದರೆ ಸಾಲದೆಂದು ಮೇಷ್ಟರು ಅಭಿನಯಕ್ಕಿಳಿದರು. ಹುಬ್ಬು ಏರಿಸಿ, ತುಟಿ ಇಳಿಸಿ, ದುಃಖ ತೋರಿಸಿದರು. ಅವರ ಮುಖ ಹಿಂಡಿದ ಒದ್ದೆ ಬಟ್ಟೆಯಂತಾಯಿತು.

“ಹಲ್ಲುನೋವು,” ಎಂದ ದರ್ಜಿ.

ಯಜಮಾನರಿಗೆ ನಗು ಬಂತು. “ಹಾಗಾದ್ರೆ ಪೊಳ್ಳು ನಮ್ಮ ಹುಡುಗಿಯೋ?”

ಒಂದು ಗುಂಡಿಯಿಂದ ಎದ್ದು ಇನ್ನೊಂದರಲ್ಲಿ ಬೀಳಬಾರದಲ್ಲ. ಮೇಷ್ಟರು ಅವಸರದಲ್ಲಿ, “ಛೆ, ಅವಳ ತಪ್ಪೇನಿದೆ? ಮೊದಲು ಕಲಿಸಿದವನದು. ಗೊಡ್ಡು ಹಸು ಹಾಲು ಕೊಟ್ಟೀತೇ? ಅಂಥವನ ಕೈಗೆ ಮಕ್ಕಳನ್ನೇ ಕೊಡಬಾರದು,” ಎಂದರು.

ಯಜಮಾನರು ಸಮಾಧಾನದಿಂದ ತಲೆಯಾಡಿಸಿದರು. ಮೇಷ್ಟರಿಗೆ ಹೋದ ಜೀವ ಬಂದಂತಾಯಿತು.

ಆಗ ಹುಡುಗಿ ಮೆಲ್ಲಗೆ ಬಾಯಿಬಿಟ್ಟಳು. “ನನ್ನ ಗುರುತು ಹತ್ತಲಿಲ್ಲ ಅನ್ಸುತ್ತೆ, ಮೇಷ್ಟ್ರೇ. ಅಕ್ಕನ ಮದುವೆಗೂ ಮುಂಚೆ, ಚಿಕ್ಕವಳಿದ್ದಾಗ, ಇದೇ ಕೋಣೇಲಿ ಹಿಂದಿನ ಸಾಲಲ್ಲಿ ನಿಲ್ತಿದ್ದೆ. ಮೊದಲು ಕಲಿಸಿದ್ದು ನೀವೇ.”

ದರ್ಜಿ ಸೂರು ನೋಡಿದ. ಯಜಮಾನರು ಕೆನ್ನೆಯ ನೊರೆಯನ್ನು ಅಂಗೈಯಿಂದ ಒರೆಸಿಕೊಂಡರು.

“ಪೊಳ್ಳು ನಾನಾಗಿದ್ರೆ ಕ್ಷಮಿಸಿಬಿಡ್ತಿದ್ದೆ. ಮಕ್ಕಳಿಗೆ ಕಲಿಸೋರ ವಿಷಯ ಇದು. ನೀವೇ ಹೇಳಿದ್ರಲ್ಲ. ಬೀಗದ ಕೈ ಕೊಡಿ.”

ಮೇಷ್ಟರ ಕಿವಿ ಬಿಸಿಯಾಯಿತು. ಕಣ್ಣು ತಾನಾಗಿ ನೆಲಕ್ಕಿಳಿಯಿತು, ಕೆಳತುಟಿ ನಡುಗಿತು. ಹುಡುಗಿಯ ಕಡೆ ನೋಡುವ ಧೈರ್ಯ ಬರಲಿಲ್ಲ.

ದರ್ಜಿ ಯಜಮಾನರ ಕಿವಿಯಲ್ಲಿ ಪಿಸುಗುಟ್ಟಿದ: “ಈಗ ಬಂತು ನೋಡಿ, ಭಾವ.”