ಯಾವ ಉತ್ತರ ಬರೀಲಿ ಸಾರ್?

ಲೆಕ್ಕದ ಮೇಷ್ಟರಿಗೆ ಇಂಥ ಫಜೀತಿಗಳು ಆಗುತ್ತಲೇ ಇರುತ್ತವೆ. ನನಗೆ ತುಸು ಹೆಚ್ಚೇ ಆದವು, ಯಾಕೆಂದರೆ ನಾನು ತುಸು ಹೆಚ್ಚೇ ಬುದ್ಧಿವಂತ. ಅರವತ್ತರ ದಶಕದ ದೊಡ್ಡಬಳ್ಳಾಪುರದಲ್ಲಿ ನಾನು ಬೋರ್ಡಿಗೆ ಸೀಮೆಸುಣ್ಣ ತಾಗಿಸಿದರೆ ಸಾಕು, ನೇಕಾರರ ಬೀದಿಯ ಮಗ್ಗಗಳೆಲ್ಲ ಸದ್ದು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದವು.

ಒಂದು ವರ್ಷ ಮೇಲಿನಿಂದ ಸುತ್ತೋಲೆ ಬಂತು: ಮಕ್ಕಳು ಆಟವಾಡುತ್ತಾ ತಾವಾಗಿಯೇ ಲೆಕ್ಕ ಮಾಡುವಂತಾಗಬೇಕು, ಇನ್ಸ್‌ಪೆಕ್ಟರು ಬಂದು ನೋಡುತ್ತಾರೆ. ಅವರು ಬರೆಯುವ ಷರಾ ಕೆಟ್ಟದಾಗಿ ಬಿದ್ದರೆ ನನಗೆ ಶಿವಗಂಗೆ ಕಡೆಗೆ ವರ್ಗ ಎಂದು ಹೆಡ್‌ಮಾಸ್ಟರು ಬಹಳ ಪ್ರೀತಿಯಿಂದ ತಿಳಿಸಿದರು. ನನ್ನ ಹೆಂಡತಿ, "ನೀವು ಹೋಗ್ಬನ್ನಿ, ನಾನಿಲ್ಲೇ ಇರ್ತೀನಿ" ಅಂದುಬಿಟ್ಟಳು.

೧. ಅಪ್ಪನ ಪಾವು

ಮನೆಯಲ್ಲಿರುವುದನ್ನು ಅಳೆದು ಲೆಕ್ಕ ಮಾಡಿಕೊಂಡು ಬನ್ನಿ ಎಂದು ನನ್ನ ಹೊಸ ವಿಧಾನ ಶುರುಮಾಡಿದೆ. ಮಗ್ಗಿ ಅಂದರೆ ಹೊಟ್ಟೆನೋವು ಬರುತ್ತಿದ್ದ ದಿನಸಿ ಅಂಗಡಿಯವರ ಮಗ ಮಾರನೇ ದಿನ ಎಲ್ಲರಿಗಿಂತ ಮೊದಲು ಎದ್ದು ನಿಂತ. ಪಕ್ಕದ ಮನೆಯಿಂದ ಸರ್ಕಾರಿ ಮುದ್ರೆಯ ಸೇರು ತಂದು, ಅದಕ್ಕೆ ಅಪ್ಪನ ಪಾವಿನಿಂದ ಅಕ್ಕಿ ತುಂಬಿ ನೋಡಿದ್ದನಂತೆ.

"ಸಾರ್, ಪುಸ್ತಕದಲ್ಲಿ ಸೇರಿಗೆ ನಾಲ್ಕು ಪಾವು. ನಮ್ಮಂಗಡೀಲಿ ಐದು. ಯಾವ ಉತ್ತರ ಬರೀಲಿ?"

ಸಂಜೆಗೆ ಅವನ ಅಪ್ಪ ಬಂದರು. "ಮೇಷ್ಟ್ರೇ, ಹುಡುಗ ಫೇಲಾದ್ರೂ ಚಿಂತೆಯಿಲ್ಲ. ತಾನಾಗಿ ಲೆಕ್ಕ ಮಾಡೋದೊಂದನ್ನ ಬಿಡಿಸ್ಬಿಡಿ."

೨. ನಾಲ್ಕು ಜನ, ಒಂದು ಸೀರೆ

ಅಳತೆ ಬಿಟ್ಟು, ಊರಿಗೆ ಒಪ್ಪುವಂಥ ಲೆಕ್ಕವೊಂದನ್ನು ನಾನೇ ಕಟ್ಟಿದೆ. ಒಬ್ಬ ನೇಕಾರ ಒಂದು ಸೀರೆಯನ್ನು ನಾಲ್ಕು ದಿನದಲ್ಲಿ ನೇಯುತ್ತಾನೆ. ನಾಲ್ಕು ಜನ ಸೇರಿದರೆ ಎಷ್ಟು ದಿನ? ಒಂದು ದಿನ ಎಂದು ತೊಟ್ಟಿಲ ಕೂಸಿಗೂ ಗೊತ್ತು. ನೇಕಾರರ ಹುಡುಗಿಯೊಬ್ಬಳು ಮಾತ್ರ ನಾಲ್ಕು ದಿನ ಎಂದು ಬರೆದಿದ್ದಳು. ಗದರಿಸಿದೆ.

"ಮಗ್ಗದ ಗುಂಡಿಗೆ ಒಬ್ರೇ ಇಳಿಯೋದು ಸಾರ್. ಮಿಕ್ಕ ಮೂರು ಜನ ಬೀಡಿ ಸೇದ್ತಾರೆ."

ಇಡೀ ತರಗತಿ ನನ್ನನ್ನು ಮರುಕದಿಂದ ನೋಡಿತು.

೩. ಷರಾ

ತನಿಖೆಯ ಹಿಂದಿನ ದಿನ, ಏನು ಕೇಳಿದರೂ ನಾನು ಹೇಳಿಕೊಟ್ಟ ಉತ್ತರವನ್ನೇ ಹೇಳಬೇಕು ಎಂದು ಮಕ್ಕಳಿಗೆ ತಾಕೀತು ಮಾಡಿದ್ದೆ. ಇನ್ಸ್‌ಪೆಕ್ಟರು ನನ್ನ ಪಾಠದ ಟಿಪ್ಪಣಿ ತಿರುವಿ, ಸೀರೆ ಲೆಕ್ಕ ಕಂಡು ತಲೆದೂಗಿ, ಇಡೀ ತರಗತಿಯಲ್ಲಿ ಆ ಹುಡುಗಿಯನ್ನೇ ಎಬ್ಬಿಸಿದರು. ಅವಳು ನನ್ನ ಮುಖ ನೋಡಿದಳು, ಅವರ ಮುಖ ನೋಡಿದಳು.

"ನೀವು ಬಂದಾಗ ಒಂದು ದಿನ ಅನ್ಬೇಕಂತೆ ಸಾರ್. ನಾನು ಮಾಡಿದ್ರೆ ನಾಲ್ಕು ಬರುತ್ತೆ."

ಯಾಕೆಂದು ಕೇಳಿದರು. ಅವಳು ಗುಂಡಿಯಿಂದ ಹಿಡಿದು ಬೀಡಿಯವರೆಗೆ ವಿವರಿಸಿದಳು. ಇನ್ಸ್‌ಪೆಕ್ಟರು ಗಂಭೀರವಾಗಿ ಷರಾ ಬರೆದರು: 'ವಿದ್ಯಾರ್ಥಿಗಳು ಸ್ವಂತವಾಗಿ ಲೆಕ್ಕ ಮಾಡುತ್ತಾರೆ. ಉಪಾಧ್ಯಾಯರೂ ರೂಢಿಸಿಕೊಳ್ಳತಕ್ಕದ್ದು.'

ವರ್ಗ ತಪ್ಪಿತು. ಮೊದಲನೇ ವಾಕ್ಯವನ್ನು ನಾನು ಊರಿಗೆಲ್ಲ ಹೇಳಿಕೊಂಡು ಬಂದೆ. ಎರಡನೆಯದನ್ನು ಹೆಡ್‌ಮಾಸ್ಟರು ನನಗಿಂತ ಮೊದಲೇ ಹೋಗಿ ನನ್ನ ಹೆಂಡತಿಗೆ ಹೇಳಿದ್ದರು.