ಕಫದ ಬಣ್ಣದ ವಿಷಯವಾಗಿ ಅದಿರಿನ ಧೂಳಿಗೆ

ಹೊಸಪೇಟೆ, ನವೆಂಬರ್ ೨೦೦೭

ಮಾನ್ಯ ಅದಿರಿನ ಧೂಳಿನವರೇ,

ಸಂಡೂರಿನ ಗುಡ್ಡಗಳಿಂದ ದಿನವೂ ಲಾರಿಯೇರಿ ದಯಮಾಡಿಸಿ, ನಮ್ಮ ಇಡ್ಲಿಯನ್ನೂ ಒಗೆದ ಪಂಚೆಯನ್ನೂ ದೇವರ ಮನೆಯ ಸಾಲಿಗ್ರಾಮವನ್ನೂ ಭೇದವಿಲ್ಲದೆ ಕೆಂಪಾಗಿಸುತ್ತಿರುವ ತಮಗೆ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದದ್ದು ಮಾತಿಗೆ ಮಾತ್ರ. ನೆಲಕ್ಕೆ ಹಣೆ ಹಚ್ಚಿದರೆ ಮತ್ತೆ ಮುಖ ತೊಳೆಯಬೇಕಾಗುತ್ತದೆ.

ತಾವು ಮಾಡುವ ಕೆಲಸದ ಬಗ್ಗೆ ಈಗಾಗಲೇ ಸಾಕಷ್ಟು ಜನ ಬರೆದಿದ್ದಾರೆ. ನನ್ನ ದೂರು, ತಾವು ಮಾಡದ ಕೆಲಸಕ್ಕೂ ತಮಗೇ ಹೆಸರು ಬರುತ್ತಿರುವುದರ ಬಗ್ಗೆ. ನನ್ನ ಅತ್ತೆ ಸರಸ್ವತೀಬಾಯಿಯವರಿಗೆ ಅರವತ್ತೇಳು ವರ್ಷ, ಜೊತೆಗೆ ಸಕ್ಕರೆ ಕಾಯಿಲೆ. ಆಗಸ್ಟಿನಲ್ಲಿ ಅವರಿಗೆ ನಡುಗಿಸುವ ಜ್ವರ ಬಂದು, ಕೆಮ್ಮಿದರೆ ತುಕ್ಕಿನ ಬಣ್ಣದ ಕಫ ಬೀಳತೊಡಗಿತು. ನಮ್ಮ ಓಣಿಯ ಡಾಕ್ಟರ್ ಪ್ರಭಂಜನ ಅವರು ಎದೆಗೆ ಸ್ಟೆತಸ್ಕೋಪ್ ಇಡುವ ತೊಂದರೆ ತೆಗೆದುಕೊಳ್ಳದೆ, "ನಮ್ಮ ಕಡೆ ಯಾರ ಕಫ ಬೆಳ್ಳಗ ಇರ್ತದ ಹೇಳ್ರಿ? ಮೈನ್ಸ್ ಧೂಳದು, ಹೆದರಬ್ಯಾಡ್ರಿ" ಎಂದು ಸಿರಪ್ ಬರೆದುಕೊಟ್ಟರು. ನಾವೂ ತಮ್ಮನ್ನೇ ನಂಬಿ ನಾಲ್ಕು ದಿನ ಕಳೆದೆವು. ಐದನೆಯ ದಿನ ಬಳ್ಳಾರಿಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು ಕಫ ಪರೀಕ್ಷಿಸಿದಾಗ ಗೊತ್ತಾದದ್ದು, ಬಲಗಡೆಯ ಶ್ವಾಸಕೋಶ ತುಂಬಿಸಿದ್ದು ತಾವಲ್ಲ, ನ್ಯುಮೋಕಾಕಸ್ ಎಂಬ ರೋಗಾಣು. ತುಕ್ಕಿನ ಬಣ್ಣದ ಕಫ ಈ ನ್ಯುಮೋನಿಯಾದ ಹಳೆಯ ಗುರುತೆಂದು ವೈದ್ಯಕೀಯ ಪುಸ್ತಕಗಳಲ್ಲೇ ಇದೆಯಂತೆ. ಬರೆದವರು ಹೊಸಪೇಟೆ ನೋಡಿರಲಿಲ್ಲ.

ಅತ್ತೆ ಬದುಕಿ ಬಂದರು. ಈ ರೋಗಾಣುವಿನ ಹಲವು ಬಗೆಗಳನ್ನು ತಡೆಯುವ ಲಸಿಕೆಯಿದೆ, ಮತ್ತೊಮ್ಮೆ ಬಂದರೆ ಈ ಎದೆ ತಾಳಲಾರದು, ಹಾಕಿಸಿ ಎಂದು ಬಳ್ಳಾರಿಯವರು ಚೀಟಿ ಕೊಟ್ಟರು. ಪ್ರಭಂಜನ ಅವರು ಚೀಟಿ ನೋಡಿ ನಕ್ಕರು: "ಲಸಿಕಿ ಸಣ್ಣ ಹುಡುಗ್ರಿಗೆ ಹಾಕೋದ್ರೀ. ಅಮ್ಮಾರಿಗೆ ಪೋಲಿಯೋ ಹನಿನೂ ಹಾಕೋಣೇನು?" ಅತ್ತೆಯವರಂತೂ ತಮ್ಮ ಪರಮಭಕ್ತೆ: "ಧೂಳಿಗೆ ಯಾರರೆ ಸೂಜಿ ಚುಚ್ಚಿಸ್ಕೋತಾರೇನವಾ?"

ಆದ್ದರಿಂದ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ವೈದ್ಯರಿಗೂ ರೋಗಿಗಳಿಗೂ ಗೊಂದಲವಾಗದಂತೆ ತಾವು ಗಿಳಿಹಸಿರು ಬಣ್ಣಕ್ಕೆ ಬದಲಾಗಬೇಕು. ಅದಾಗದಿದ್ದರೆ ತಮ್ಮದೇ ಆದ ಪ್ರತಿ ಕಫಕ್ಕೂ ಒಂದು ಪರ್ಮಿಟ್ ಕೊಡಬೇಕು. ಗಣಿಯವರು ಒಂದೇ ಪರ್ಮಿಟ್ಟಿನಲ್ಲಿ ಹತ್ತು ಲಾರಿ ಅದಿರು ದಾಟಿಸುವ ಪದ್ಧತಿಯನ್ನು ಮಾತ್ರ ಇಲ್ಲಿಗೆ ತರಬಾರದು.

ಇಷ್ಟು ಬರೆದು ಅಂಚೆಗೆ ಹಾಕುವ ಮೊದಲೇ ಅತ್ತೆ ಹವಾ ಬದಲಾವಣೆಗೆಂದು ಬುಕ್ಕಸಾಗರದ ತಂಗಿಯ ಮನೆಗೆ ಹೋದರು. ಅಲ್ಲಿ ಗದ್ದೆಗೆಲಸದ ಎರ್ರೆಮ್ಮ ಜ್ವರದಲ್ಲಿ ನಡುಗುತ್ತ ಕೆಮ್ಮಿದಾಗ ಸೆರಗಿಗೆ ಅದೇ ತುಕ್ಕು ಹತ್ತಿತಂತೆ. ಧೂಳೇನೇ ಎಂದು ಅತ್ತೆ ಕೇಳಿದ್ದಕ್ಕೆ ಅವಳು, "ಧೂಳೆಲ್ಲೈತವ್ವಾ ಇಲ್ಲಿ? ಮೊಣಕಾಲಮಟ ಕೆಸರಾಗ ನಿಂತೀನಿ" ಎಂದಳು. ಅತ್ತೆ ಆ ಸೆರಗನ್ನು ಬೆಳಕಿಗೆ ಹಿಡಿದು ನೋಡಿ, "ಜಲ್ದಿ ಗಾಡಿ ತರಸ್ರಿ" ಎಂದು ಅವಳನ್ನು ಆಸ್ಪತ್ರೆಗೆ ಕಳಿಸಿದರು. ಮರುದಿನ ಊರಿಗೆ ಬಂದವರೇ ರವಿಕೆಯ ತೋಳು ಸರಿಸಿ, "ಎಲ್ಲೈತಿ ಆ ಸೂಜಿ? ನಡಿ" ಎಂದರು. ತಾವು ಒಬ್ಬ ಭಕ್ತೆಯನ್ನು ಕಳೆದುಕೊಂಡಿದ್ದೀರಿ, ಸಂತಾಪಗಳು.

ಪ್ರತಿ ಉಸಿರಿನಲ್ಲೂ ತಮ್ಮನ್ನು ಒಳಗೆ ಬರಮಾಡಿಕೊಳ್ಳುವ,
ತಮ್ಮ ವಿಶ್ವಾಸಿ,
ಶ್ರೀಲಕ್ಷ್ಮೀ

ವಿ.ಸೂ.: ಕೊನೆಗೆ ಲಸಿಕೆ ಹಾಕಿದವರು ಪ್ರಭಂಜನ ಅವರೇ. ಹಾಕುವಾಗ ಜ್ವರಕ್ಕೆ ಡಾಕ್ಟರರ ಮೈಯೇ ನಡುಗುತ್ತಿತ್ತು. ಎರಡು ಬಾರಿ ಕೆಮ್ಮಿ, ಕರ್ಚೀಫಿನ ತುಕ್ಕು ನೋಡಿ, "ಧೂಳು" ಎಂದು ಮಡಚಿ ಜೇಬಿಗಿಟ್ಟರು. ಅದು ತಮ್ಮದೇ ಹೌದೋ ಅಲ್ಲವೋ ಎಂಬುದನ್ನು ನಾಲ್ಕು ದಿನದೊಳಗೆ ಅವರಿಗೆ ತಿಳಿಸಿ. ನಾವು ಹೇಳಿದರೆ ಅವರು ನಂಬುವುದಿಲ್ಲ.